ಇಡುಗಂಟು ಮತ್ತು ವಿದ್ಯಾಗೋಷ್ಠಿ: ಕುಂದಾಪುರ ಸೀಮೆಯ ವಿದ್ಯಾರ್ಥಿ ಸಮ್ಮೇಳನಗಳ ಹಣಕಾಸಿನ ಪೂರ್ವೋತ್ತರ

ಪದವಿ ತರಗತಿಯ ವಿದ್ಯಾರ್ಥಿಯು ತಾನೇ ಹುಡುಕಿ, ಅಳೆದು, ವಿವೇಚಿಸಿ ಸಿದ್ಧಪಡಿಸಿದ ಪ್ರಬಂಧವೊಂದನ್ನು ಪರಸ್ಥಳದ ವಿದ್ವಾಂಸರ ಸಮ್ಮುಖದಲ್ಲಿ ನಿಂತು ಓದುವುದಕ್ಕೆ ಎಡೆಮಾಡಿಕೊಡುವ ಸಮ್ಮೇಳನಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಉದ್ಘಾಟಕರ ಹೆಸರುಗಳನ್ನೂ ಗೋಷ್ಠಿಗಳ ವಿಷಯಗಳನ್ನೂ ಕ್ರಮವಾಗಿ ಸ್ಮರಿಸಿ ವಿರಮಿಸುವರು. ಅವು ಯಾವ ಹಣದಿಂದ ನಡೆದವು, ಆ ಹಣ ಯಾವ ದಾರಿಯಿಂದ ಬಂದಿತು, ಯಾವ ಕಾರಣದಿಂದ ನಿಂತುಹೋಯಿತು ಎಂಬುದನ್ನು ಖಜಾಂಚಿಯ ಕಪಾಟಿನಲ್ಲಿಯೇ ಬಿಟ್ಟುಬಿಡುವರು. ಈ ಸಂಚಿಕೆಯ ಸಂಪಾದಕರು ನನಗೆ ವಹಿಸಿರುವ ವಿಷಯವು ಆ ಕಪಾಟಿಗೆ ಸಂಬಂಧಿಸಿದುದು. ಇಂತಹ ಸಮ್ಮೇಳನಕ್ಕೆ ಬೇಕಾದ ಹಣದ ಮೊತ್ತ ಅತ್ಯಲ್ಪವೆಂಬುದೂ, ಆದರೆ ಆ ಅಲ್ಪವು ವರ್ಷವರ್ಷವೂ ತಪ್ಪದೆ ಬರಬೇಕೆಂಬುದೂ, ಒಮ್ಮೆಗೇ ದೊಡ್ಡದಾಗಿ ಬಂದು ಮರುವರ್ಷ ಬತ್ತಿಹೋಗುವ ಧನದಿಂದ ವಿದ್ಯೆಗೆ ಪ್ರಯೋಜನ ಸ್ವಲ್ಪವೇ ಎಂಬುದೂ ಈ ಸೀಮೆಯ ಲೆಕ್ಕದ ಪುಸ್ತಕಗಳೊಡನೆ ಬಹುಕಾಲ ಕಳೆದಿರುವ ನನ್ನ ದೃಢವಾದ ಅಭಿಪ್ರಾಯ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಇಂದು ಮೂರು ತಾಲೂಕುಗಳಾಗಿರುವುವಾದರೂ 2018ರವರೆಗೆ ಬೈಂದೂರು ಕುಂದಾಪುರ ತಾಲೂಕಿನಲ್ಲಿಯೂ ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿಯೂ ಅಡಗಿದ್ದುವು. ಈ ನೆಲದಲ್ಲಿ ದತ್ತಿಯ ಕಲ್ಪನೆ ಹೊಸದಲ್ಲ. ವಿಜಯನಗರದ ಆಳ್ವಿಕೆಯಲ್ಲಿ ರಾಜ್ಯವೊಂದರ ರಾಜಧಾನಿಯಾಗಿದ್ದ ಬಾರಕೂರಿನ ಶಾಸನಗಳನ್ನೂ, ಮೂಡುಕೇರಿ ಪಡುವಕೇರಿಗಳ ವರ್ತಕರು ನೆಲಸಿದ್ದ ಬಸರೂರಿನ ಶಾಸನಗಳನ್ನೂ ಓದಿದವರಿಗೆ, ಗದ್ಯಾಣಗಳನ್ನು ಕೊಟ್ಟು ಭೂಮಿಯನ್ನು ಕೊಂಡು, ಆ ಭೂಮಿಯಿಂದ ಬರುವ ಇಂತಿಷ್ಟು ಮುಡಿ ಅಕ್ಕಿಯನ್ನು ಇಂತಹ ಧರ್ಮಕಾರ್ಯಕ್ಕೆ ಸಲ್ಲಿಸತಕ್ಕುದೆಂದು ವಿಧಿಸುವ ಕ್ರಮ ಸುಪರಿಚಿತವಾದುದು. ಮೂಲವನ್ನು ಮುಟ್ಟದೆ ಫಲವನ್ನು ಮಾತ್ರ ವ್ಯಯಿಸಬೇಕೆಂಬ ಆ ಶಾಸನಧರ್ಮವೇ ಇಂದಿನ ಸಂಘಸಂಸ್ಥೆಗಳ ಇಡುಗಂಟಿಗೂ ಆಧಾರವಾಗಿರುವುದು. ದೀಪಾರಾಧನೆಗೆ ಬಿಟ್ಟ ಎಣ್ಣೆ, ಛತ್ರಕ್ಕೆ ಬಿಟ್ಟ ಅಕ್ಕಿ ಇವೆಲ್ಲವೂ ನಿತ್ಯದ ಅಗತ್ಯಗಳು. ಆ ದಾನಿಗಳು ಗುಡಿಯನ್ನು ಕಟ್ಟಿಸಿದುದರಲ್ಲಿಯೇ ತೃಪ್ತರಾಗದೆ, ಗುಡಿ ನಡೆಯುವುದಕ್ಕೆ ಬೇಕಾದುದನ್ನೂ ಯೋಚಿಸಿದ್ದರು.

ಭೂಮಿಯ ಫಲದಿಂದ ನಾಣ್ಯದ ಫಲಕ್ಕೆ ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ದಾಟಿದುದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕೆಂದು ಖ್ಯಾತವಾದ ಸಂಸ್ಥೆಯನ್ನೂ ಸ್ಥಾಪಿಸಿದರು. ಸುಬ್ಬರಾವ್ ಪೈಗಳು ಬ್ಯಾಂಕಿಗೆ ಮುಂಚೆಯೇ, 1891ರಲ್ಲಿ, ಕೆನರಾ ಹೈಸ್ಕೂಲನ್ನು ತೆರೆದಿದ್ದರೆಂಬುದು ಇಲ್ಲಿ ಗಮನಾರ್ಹ. ಶಾಲೆಯೂ ಬ್ಯಾಂಕೂ ಒಂದೇ ಕೈಯಿಂದ ಹುಟ್ಟಿದ ಜಿಲ್ಲೆಯಿದು. ಬ್ರಹ್ಮಾವರಕ್ಕೆ ಸಮೀಪದ ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ. ಎಂ. ಎ. ಪೈಗಳು, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರೊಡಗೂಡಿ, ಕೇವಲ 8000 ರೂಪಾಯಿ ಬಂಡವಾಳದಿಂದ 1925ರಲ್ಲಿ ಉಡುಪಿಯಲ್ಲಿ ಆರಂಭಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ಜಾರಿಗೆ ತಂದಿತು. ಏಜೆಂಟನು ಪ್ರತಿದಿನವೂ ಮನೆಯ ಬಾಗಿಲಿಗೆ, ಅಂಗಡಿಯ ಮುಂಗಟ್ಟಿಗೆ ಬಂದು ಎರಡಾಣೆಯನ್ನಾದರೂ ಸಂಗ್ರಹಿಸಿ ಪಾಸುಪುಸ್ತಕದಲ್ಲಿ ಗುರುತುಹಾಕಿಕೊಡುತ್ತಿದ್ದ ಆ ಪದ್ಧತಿಯಲ್ಲಿ ಮೀನು ಮಾರುವವಳೂ ನೇಕಾರನೂ ಹೋಟೆಲಿನ ಮಾಣಿಯೂ ಠೇವಣಿದಾರರಾದರು. ಅದೇ ಟಿ. ಎಂ. ಎ. ಪೈಗಳು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜೂ, 1963ರಲ್ಲಿ ಕುಂದಾಪುರದ ಭಂಡಾರ್ಕಾರ್ಸ್ ಕಲಾ ಮತ್ತು ವಿಜ್ಞಾನ ಕಾಲೇಜೂ ತಲೆಯೆತ್ತಿದುವು.

ಭಂಡಾರ್ಕಾರ್ಸ್ ಕಾಲೇಜಿನ ಹೆಸರು ಬಹ್ರೇನಿನಲ್ಲಿ ವೈದ್ಯರಾಗಿದ್ದ ಡಾ. ಎ. ಎಸ್. ಭಂಡಾರ್ಕಾರರ ಔದಾರ್ಯದ ಸ್ಮಾರಕ. ಕಡಲಾಚೆಯಲ್ಲಿ ಗಳಿಸಿದ ಹಣವು ಊರಿನ ವಿದ್ಯೆಗೆ ಮರಳಿ ಬಂದ ಈ ಕ್ರಮ ಮುಂದೆ ಈ ಸೀಮೆಯ ರೂಢಿಯೇ ಆಯಿತು. ಸರಕಾರಿ ಕಾಲೇಜುಗಳೂ ಇಲ್ಲಿ ದಾನಿಗಳ ಹೆಸರನ್ನು ಹೊತ್ತಿರುವುದು ಇತರ ಜಿಲ್ಲೆಗಳವರಿಗೆ ಆಶ್ಚರ್ಯವನ್ನುಂಟುಮಾಡುವುದುಂಟು: ಕೋಟೇಶ್ವರದಲ್ಲಿ ಕಾಳಾವರ ವರದರಾಜ ಎಂ. ಶೆಟ್ಟಿ, ಕೋಟ ಪಡುಕರೆಯಲ್ಲಿ ಲಕ್ಷ್ಮೀ ಸೋಮ ಬಂಗೇರ, ಬಾರಕೂರಿನಲ್ಲಿ ರುಕ್ಮಿಣಿ ಶೆಡ್ತಿ — ಇವರ ಹೆಸರಿನಲ್ಲಿ ಸರಕಾರಿ ಪ್ರಥಮದರ್ಜೆ ಕಾಲೇಜುಗಳು ನಡೆಯುತ್ತಿವೆ. ಮುಂಬಯಿ, ಬೆಂಗಳೂರುಗಳ ಹೋಟೆಲು ಉದ್ಯಮದಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ದುಡಿದವರು ಹುಟ್ಟೂರಿನ ಶಾಲೆಯ ಮಾಡು ಸೋರುವುದೆಂದು ಕೇಳಿದೊಡನೆ ಹಂಚಿಗೆ ಹಣ ಕಳಿಸಿದ ಪರಂಪರೆ ಇಲ್ಲಿ ಮನೆಮನೆಯಲ್ಲಿಯೂ ಉಂಟು. ಇದಕ್ಕೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಆದರೆ ದಾನಿಯ ಹೆಸರು ಗೋಡೆಯ ಮೇಲೆ ನಿಲ್ಲುವುದು. ವಿದ್ಯಾರ್ಥಿಯ ಪ್ರಯಾಣವೆಚ್ಚಕ್ಕೆ ಅಂತಹ ಗೋಡೆಯಿಲ್ಲ. ಸಭಾಂಗಣಕ್ಕೆ ಲಕ್ಷಗಳು ದೊರೆಯುವಲ್ಲಿ, ಆ ಸಭಾಂಗಣದಲ್ಲಿ ನಡೆಯಬೇಕಾದ ವಿದ್ಯಾರ್ಥಿ ಗೋಷ್ಠಿಗೆ ಸಾವಿರಗಳನ್ನು ಹೊಂದಿಸುವುದು ಪ್ರತಿವರ್ಷವೂ ಹೊಸದಾದ ಪ್ರಯಾಸವಾಗುವುದು.

ಆ ಪ್ರಯಾಸವೆಂತಹುದೆಂದು ತಿಳಿಯಬೇಕಾದರೆ ಒಂದು ದಿನದ ಗೋಷ್ಠಿಯ ಜಮಾಖರ್ಚಿನ ಹಾಳೆಯೊಂದನ್ನು ಎದುರಿಗಿಟ್ಟುಕೊಳ್ಳಬೇಕು. ಎಡಗಡೆಯ ಜಮೆಯಲ್ಲಿ ನೋಂದಣಿ ಶುಲ್ಕ, ಕಾಲೇಜಿನ ಆಡಳಿತ ಮಂಡಳಿಯ ವಂತಿಗೆ, ಹಳೆವಿದ್ಯಾರ್ಥಿ ಸಂಘದ ನೆರವು, ಸ್ಥಳೀಯ ಸಹಕಾರಿ ಸಂಘದ ಜಾಹೀರಾತು, ದತ್ತಿನಿಧಿಯ ಬಡ್ಡಿ ಇರುವುವು. ಬಲಗಡೆಯ ಖರ್ಚಿನಲ್ಲಿ ಸಂಪನ್ಮೂಲ ವ್ಯಕ್ತಿಗಳ ಸಂಭಾವನೆ ಮತ್ತು ಪ್ರಯಾಣ, ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಾರಲೇಖಗಳ ಮುದ್ರಣ, ಪ್ರಮಾಣಪತ್ರಗಳು, ಬ್ಯಾನರು, ಧ್ವನಿವರ್ಧಕ, ಹಾರ, ಸ್ಮರಣಿಕೆ. ಪ್ರತಿಯೊಂದಕ್ಕೂ ಓಚರು, 5000 ರೂಪಾಯಿಗೆ ಮೀರಿದ ರಶೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಊಟದ ಬಾಬ್ತೇ ಬಹುತೇಕ ಎಲ್ಲ ಹಾಳೆಗಳಲ್ಲಿಯೂ ದೊಡ್ಡದು, ಅದರಲ್ಲಿ ತಪ್ಪೇನೂ ಇಲ್ಲ. ಕೋಸಂಬರಿಯಿಂದ ಪಾಯಸದವರೆಗೆ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಬೈಂದೂರಿನ ಹುಡುಗಿಯೂ ಬ್ರಹ್ಮಾವರದ ಹುಡುಗನೂ ತಮ್ಮ ತಮ್ಮ ಪ್ರಬಂಧಗಳನ್ನು ಕುರಿತು ಆಡುವ ಮಾತು ವೇದಿಕೆಯ ಚರ್ಚೆಗಿಂತ ಫಲವತ್ತಾಗುವುದನ್ನು ನಾನು ಬಲ್ಲೆ. ನನ್ನನ್ನು ಕಾಡುವುದು ಹಾಳೆಯಲ್ಲಿ ಕಾಣದ ಬಾಬ್ತು. ಪ್ರಬಂಧ ಓದುವ ವಿದ್ಯಾರ್ಥಿಯ ಬಸ್ಸಿನ ಚಾರ್ಜು, ಅವನು ತನ್ನ ಕ್ಷೇತ್ರಕಾರ್ಯಕ್ಕೆಂದು ಮಾಡಿಸಿದ ನೆರಳಚ್ಚು ಪ್ರತಿಗಳು, ನೀರಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ದ ಆಟೋರಿಕ್ಷಾ ಬಾಡಿಗೆ — ಇವನ್ನು ಅವನ ಮನೆಯವರೇ ಭರಿಸಿರುವರು. ಭರಿಸಲಾರದವರ ಮಕ್ಕಳು ಗೋಷ್ಠಿಗೆ ಬಂದೇ ಇರುವುದಿಲ್ಲವಾದುದರಿಂದ ಆ ಅಭಾವವು ಯಾವ ಲೆಕ್ಕಪರಿಶೋಧಕರ ಕಣ್ಣಿಗೂ ಬೀಳುವುದಿಲ್ಲ.

ಬೈಂದೂರಿನಿಂದ ಕುಂದಾಪುರಕ್ಕೆ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು. ಅಲ್ಲಿಂದ ಬ್ರಹ್ಮಾವರಕ್ಕೆ ಇನ್ನೂ ಮುಂದೆ. ಘಟ್ಟದ ಬುಡದ ಊರುಗಳಿಂದ ಹೊರಡುವವರಿಗೆ ಎರಡು ಬಸ್ಸು ಬದಲಿಸದೆ ವಿಧಿಯಿಲ್ಲ. 2023ರ ಜೂನಿನಲ್ಲಿ ರಾಜ್ಯ ಸರಕಾರವು ಶಕ್ತಿ ಯೋಜನೆಯಿಂದ ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸಿದುದು ಬಹು ದೊಡ್ಡ ಉಪಕಾರವಾದರೂ, ಖಾಸಗಿ ಬಸ್ಸುಗಳೇ ಪ್ರಧಾನವಾಗಿರುವ ಈ ಕರಾವಳಿಯ ಒಳದಾರಿಗಳಲ್ಲಿ ಅದರ ಫಲ ಬಯಲುಸೀಮೆಯಷ್ಟು ಒದಗಲಿಲ್ಲ. ಆದುದರಿಂದ ಇಲ್ಲಿನ ಸಮ್ಮೇಳನದ ಆಯವ್ಯಯದಲ್ಲಿ ವಿದ್ಯಾರ್ಥಿಯ ಪ್ರಯಾಣವೆಚ್ಚವು ಮೊದಲನೆಯ ಬಾಬ್ತಾಗಿರತಕ್ಕುದೆಂದು ನಾನು ಭಾವಿಸುವೆನು.

ಸರಕಾರದ ಹಣ ಬಂದ ಕಾಲವೂ ಇದ್ದಿತು. 1956ರ ಕಾಯಿದೆಯಿಂದ ಶಾಸನಬದ್ಧವಾದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪಟ್ಟಿಯಲ್ಲಿ 2(ಎಫ್) ಮತ್ತು 12(ಬಿ) ಎಂಬ ಎರಡು ಪ್ರಕರಣಗಳಡಿ ಸೇರಿದ ಕಾಲೇಜುಗಳು ಪಂಚವಾರ್ಷಿಕ ಯೋಜನೆಗಳ ಅವಧಿಯಲ್ಲಿ ವಿಚಾರಸಂಕಿರಣಗಳಿಗೂ ಕಿರು ಸಂಶೋಧನ ಯೋಜನೆಗಳಿಗೂ ಅನುದಾನವನ್ನು ಪಡೆದುವು. ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂದ ನಮ್ಮ ಕಾಲೇಜುಗಳ ಅಧ್ಯಾಪಕರಿಗೆ ಅದರಿಂದ ನಿಜವಾದ ಚೈತನ್ಯ ಬಂದಿತು. ಆದರೆ ಆ ಅನುದಾನದ ಸ್ವರೂಪವೇ ಅಧ್ಯಾಪಕರ ಸಂಕಿರಣಕ್ಕೆ ಹೊಂದುವಂತಹುದು. ವಿದ್ಯಾರ್ಥಿಯು ಅದರಲ್ಲಿ ಪ್ರೇಕ್ಷಕನಾಗಿ, ಕೆಲವೊಮ್ಮೆ ಸ್ವಯಂಸೇವಕನಾಗಿ ಮಾತ್ರ ಪಾಲ್ಗೊಂಡನು. ಹನ್ನೆರಡನೆಯ ಯೋಜನೆಯು 2017ರಲ್ಲಿ ಮುಗಿದು ಯೋಜನಾಪದ್ಧತಿಯೇ ಕೊನೆಗೊಂಡ ಬಳಿಕ, ಆ ಅನುದಾನವನ್ನೇ ನೆಚ್ಚಿದ್ದ ಗೋಷ್ಠಿಗಳು ನಿಲ್ಲುವುದು ಅನಿವಾರ್ಯವಾಯಿತು.

ವಿದ್ಯಾರ್ಥಿಯ ಕೈಗೇ ಹಣವನ್ನಿತ್ತ ಮಾದರಿಯೊಂದು ನಮ್ಮ ರಾಜ್ಯದಲ್ಲಿಯೇ ಇರುವುದನ್ನು ಇಲ್ಲಿ ಸಂತೋಷದಿಂದ ಉಲ್ಲೇಖಿಸಬೇಕು. 1975ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾರ್ಯವೆಸಗುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವೆಂಬುದನ್ನು ನಡೆಸಿಕೊಂಡು ಬಂದಿದೆ. ಎಂಜಿನಿಯರಿಂಗ್ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಸ್ತಾವಗಳನ್ನು ಪರಿಶೀಲಿಸಿ, ಯೋಗ್ಯವಾದುವಕ್ಕೆ ಕೆಲವು ಸಾವಿರ ರೂಪಾಯಿಗಳಷ್ಟು ನೆರವನ್ನಿತ್ತು, ಕೊನೆಯಲ್ಲಿ ಆಯ್ದ ಪ್ರಾಜೆಕ್ಟುಗಳನ್ನು ರಾಜ್ಯಮಟ್ಟದ ವಿಚಾರಗೋಷ್ಠಿ ಮತ್ತು ಪ್ರದರ್ಶನದಲ್ಲಿ ಮಂಡಿಸುವ ಈ ಕ್ರಮದ ಶಕ್ತಿ ಮೊತ್ತದಲ್ಲಿಲ್ಲ, ನಿರಂತರತೆಯಲ್ಲಿದೆ. ಮುಂದಿನ ವರ್ಷವೂ ಇದು ಬರುವುದೆಂಬ ಭರವಸೆಯಿರುವುದರಿಂದಲೇ ಅಧ್ಯಾಪಕನು ಈ ವರ್ಷ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸತೊಡಗುವನು. ಎಂಜಿನಿಯರಿಂಗಿಗೆ ದೊರೆತ ಈ ಭಾಗ್ಯ ಬಿ.ಎ., ಬಿ.ಎಸ್ಸಿ., ಬಿ.ಕಾಂ. ವಿದ್ಯಾರ್ಥಿಗಳಿಗೆ ಈ ಪ್ರಮಾಣದಲ್ಲಿ ದೊರೆಯಲಿಲ್ಲವೆಂಬುದೇ ನಮ್ಮ ಗ್ರಾಮಾಂತರ ಕಾಲೇಜುಗಳ ಕೊರತೆ.

ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ 1978ರಲ್ಲಿ ಪರಿಷತ್ತೊಂದೂ, 1987ರಲ್ಲಿ ಉತ್ತರ ಕೆರೊಲಿನದ ಆಶ್ವಿಲ್ ನಗರದಲ್ಲಿ ಮೊದಲುಗೊಂಡು ಅನಂತರ ಬೇರೆ ಬೇರೆ ವಿದ್ಯಾಪೀಠಗಳ ಆತಿಥ್ಯದಲ್ಲಿ ಸಂಚರಿಸಿದ ರಾಷ್ಟ್ರೀಯ ಸಮ್ಮೇಳನವೂ ಹುಟ್ಟಿಕೊಂಡು, 2010ರಲ್ಲಿ ಸಮ್ಮೇಳನದ ಸಂಸ್ಥೆಯು ಪರಿಷತ್ತಿನಲ್ಲಿ ವಿಲೀನವಾದುದು ಗಮನಿಸತಕ್ಕ ಸಂಗತಿ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಸಮ್ಮೇಳನವೊಂದು ವರ್ಷವಿಡೀ ಕಚೇರಿ, ಲೆಕ್ಕ, ನೋಂದಣಿಗಳ ಭಾರವನ್ನು ಒಂಟಿಯಾಗಿ ಹೊರುವುದು ಕಷ್ಟ. ವರ್ಷವಿಡೀ ಬಾಳುವ ಸಂಸ್ಥೆಯ ಆಸರೆ ಅದಕ್ಕೆ ಬೇಕಾಗುವುದು.

ನಮ್ಮಲ್ಲಿ ಆ ಭಾರ ಲಘುವಾದುದಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಏಳು ಮಂದಿ ಕೂಡಿ ಸಂಘವನ್ನು ನೋಂದಾಯಿಸುವುದು ಸುಲಭ; ವರ್ಷವರ್ಷವೂ ಮಹಾಸಭೆ ನಡೆಸಿ, ಪರಿಶೋಧಿತ ಅಢಾವೆ ಪತ್ರಿಕೆಯನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸುವುದರಲ್ಲಿ ಸಣ್ಣ ಸಂಘಗಳು ಎಡವುವುವು. ಆದಾಯ ತೆರಿಗೆಯ ವಿನಾಯಿತಿ ಬೇಕಾದರೆ ವರ್ಷದ ವರಮಾನದಲ್ಲಿ ಶೇಕಡಾ 85ರಷ್ಟನ್ನು ಉದ್ದೇಶಕ್ಕಾಗಿ ವ್ಯಯಿಸತಕ್ಕುದು. ಮಿಕ್ಕಿ ಉಳಿಸುವುದಾದರೆ ಇಂತಹ ಕಾರ್ಯಕ್ಕೆಂದು ಮುಂಚಿತವಾಗಿ ತಿಳಿಸಿ ಐದು ವರ್ಷಗಳೊಳಗಾಗಿ ವಿನಿಯೋಗಿಸತಕ್ಕುದು. ಇಡುಗಂಟಿಗೆಂದೇ ಬರೆದುಕೊಟ್ಟ ದಾನಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲವಾದುದರಿಂದ, ದಾನಿಯ ಪತ್ರದಲ್ಲಿ ಆ ಒಂದು ವಾಕ್ಯವಿರುವಂತೆ ನೋಡಿಕೊಳ್ಳುವುದು ಖಜಾಂಚಿಯ ಪ್ರಥಮ ಕರ್ತವ್ಯ. 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ದಾನಿಗೆ ಸಲ್ಲದು. 2021ರಲ್ಲಿ ಹಳೆಯ ಸಂಸ್ಥೆಗಳೆಲ್ಲವೂ ತೆರಿಗೆ ಇಲಾಖೆಯಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಗಿ ಬಂದು, ನೋಂದಣಿಗೆ ಐದು ವರ್ಷದ ಅವಧಿ ಗೊತ್ತಾದಾಗ ಅನೇಕ ಪುಟ್ಟ ಸಂಘಗಳು ಕಂಗಾಲಾದುವು. 2025ರ ಹಣಕಾಸು ಕಾಯಿದೆಯು ಸಣ್ಣ ವರಮಾನದ ಸಂಸ್ಥೆಗಳಿಗೆ ಆ ಅವಧಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿದುದು ನ್ಯಾಯವಾದ ಕ್ರಮ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರು ಭಾರತದ ಪೌರರಾಗಿಯೇ ಉಳಿದಿದ್ದರೆ ಅವರ ಸ್ವಂತ ಉಳಿತಾಯದ ದಾನವು ವಿದೇಶಿ ವಂತಿಗೆಯೆನಿಸದೆಂಬುದನ್ನೂ, ಪರದೇಶದ ಪೌರತ್ವ ಪಡೆದವರ ದಾನಕ್ಕೆ ಮಾತ್ರ ಪ್ರತ್ಯೇಕ ಅನುಮತಿ ಅಗತ್ಯವೆಂಬುದನ್ನೂ ಅರಿಯದೆ ಸದುದ್ದೇಶದ ಹಣವನ್ನು ಹಿಂದಿರುಗಿಸಿದ ಸಂಘಗಳನ್ನು ನಾನು ಕಂಡಿರುವೆನು.

ಇಡುಗಂಟಿಗೂ ಅದರದೇ ಆದ ಆಪತ್ತುಗಳುಂಟು. ಭೂಮಿಯ ಮೇಲೆ ನಿಂತ ದತ್ತಿಗಳು 1974ರ ಮಾರ್ಚ್ 1ರಿಂದ ಗೇಣಿಭೂಮಿಗಳು ಸರಕಾರದ ವಶವಾಗಿ ಉಳುವವನೇ ಒಡೆಯನಾದಾಗ ತಮ್ಮ ಮುಡಿ ಅಕ್ಕಿಯ ಆದಾಯವನ್ನು ಕಳೆದುಕೊಂಡುವು. ಗೇಣಿಪದ್ಧತಿ ವ್ಯಾಪಕವಾಗಿದ್ದ ಈ ಜಿಲ್ಲೆಯಲ್ಲಿ ಆ ಶಾಸನವು ಸಹಸ್ರಾರು ಕುಟುಂಬಗಳಿಗೆ ನೆಲೆ ಕೊಟ್ಟಿತು. ಆ ಕುಟುಂಬಗಳ ಮಕ್ಕಳೇ ಮುಂದೆ ನಮ್ಮ ಕಾಲೇಜುಗಳ ಬೆಂಚುಗಳನ್ನು ತುಂಬಿದರು ಎಂಬುದನ್ನು ನೆನೆದಾಗ, ಸಂಸ್ಥೆಗಳ ನಷ್ಟಕ್ಕಾಗಿ ದುಃಖಿಸುವುದು ಸಲ್ಲದು. ಸಂಸ್ಥೆಗಳಿಗೆ ವರ್ಷಾಶನದ ರೂಪದಲ್ಲಿ ದೊರೆತ ಪರಿಹಾರವು ಹಣದಲ್ಲಿ ನಿಗದಿಯಾದುದರಿಂದ ಬೆಲೆಯೇರಿಕೆಯ ಮುಂದೆ ಕ್ಷೀಣಿಸಿತು. ಅನಂತರ ಬಂದ ಬ್ಯಾಂಕು ಠೇವಣಿಯೂ ಅಚಲವಾಗಿ ನಿಲ್ಲಲಿಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಶೇಕಡಾ 10ನ್ನು ಮೀರಿದ್ದ ಬಡ್ಡಿ 2020ರ ಹೊತ್ತಿಗೆ ಶೇಕಡಾ 5ರ ಆಸುಪಾಸಿಗೆ ಇಳಿಯಿತು. ಎರಡು ಲಕ್ಷದ ದತ್ತಿ ಅಂದು 20,000 ರೂಪಾಯಿ ತಂದುಕೊಡುತ್ತಿದ್ದಲ್ಲಿ ಆ ಹೊತ್ತಿಗೆ ಅದರ ಅರ್ಧದಷ್ಟನ್ನು ಮಾತ್ರ ತಂದಿತು, ಊಟದ ಎಲೆಯ ಬೆಲೆಯಾದರೋ ಹಲವು ಪಟ್ಟು ಏರಿರುವುದು. ಬಡ್ಡಿಯನ್ನೆಲ್ಲ ವ್ಯಯಿಸದೆ ಅದರಲ್ಲಿ ಒಂದು ಪಾಲನ್ನು ವರ್ಷವೂ ಮೂಲಕ್ಕೆ ಸೇರಿಸುತ್ತ ಬಂದ ಸಂಘಗಳು ಮಾತ್ರ ಉಸಿರು ಹಿಡಿದು ನಿಂತಿವೆ.

ಬ್ಯಾಂಕುಗಳ ರೂಪವೂ ಬದಲಾಯಿತು. 1969ರಲ್ಲಿ ರಾಷ್ಟ್ರೀಕೃತವಾದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ, ಈ ಕರಾವಳಿಯದೇ ಆದ ವಿಜಯಾ ಬ್ಯಾಂಕು ಅದಕ್ಕೊಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡದಲ್ಲಿಯೂ ಲೀನವಾದುವು. ಊರಿನ ಶಾಖೆಯ ಮ್ಯಾನೇಜರರ ಮೇಜಿನೆದುರು ಕುಳಿತು ವಿಚಾರಗೋಷ್ಠಿಗೆ ಒಂದು ಜಾಹೀರಾತು ಕೇಳುತ್ತಿದ್ದ ಅಧ್ಯಾಪಕನು ಈಗ ದೂರದ ಕಚೇರಿಗೆ ಪತ್ರ ಬರೆಯಬೇಕಾಗಿದೆ. ಆ ಸ್ಥಾನವನ್ನು ಬಹುಮಟ್ಟಿಗೆ ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘಗಳೂ ಸೌಹಾರ್ದ ಸಹಕಾರಿಗಳೂ ತುಂಬುತ್ತಿರುವುದು ಸಮಾಧಾನದ ಸಂಗತಿ.

2021-22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ನಾಲ್ಕು ವರ್ಷದ ಆನರ್ಸ್ ಪದವಿ ಆರಂಭವಾದಾಗ ಪದವಿಯಲ್ಲಿಯೇ ಸಂಶೋಧನೆಗೆ ಅಧಿಕೃತ ಸ್ಥಾನ ದೊರೆಯಿತು. 2024ರಲ್ಲಿ ರಾಜ್ಯವು ಮೂರು ವರ್ಷದ ಪದ್ಧತಿಗೆ ಮರಳಿತು. ಪಠ್ಯಕ್ರಮಗಳು ಹೀಗೆ ಬರುತ್ತ ಹೋಗುತ್ತ ಇರುವಲ್ಲಿ, ಪಂಚಗಂಗಾವಳಿ ಹೊಳೆಯ ಉಪ್ಪುನೀರಿನ ಚಿಪ್ಪುಮೀನನ್ನೋ, ಬಾರಕೂರಿನ ಕೇರಿಗಳ ವೀರಗಲ್ಲುಗಳನ್ನೋ, ತನ್ನ ಅಜ್ಜಿಯಾಡುವ ಕುಂದಗನ್ನಡದ ಕ್ರಿಯಾಪದಗಳನ್ನೋ ಕುರಿತು ಬರೆಯಬಯಸುವ ವಿದ್ಯಾರ್ಥಿಯು ನೀತಿಯ ನಿರ್ಧಾರಕ್ಕಾಗಿ ಕಾದಿರಲಾರನು. ಮೂರು ತಾಲೂಕುಗಳ ಕಾಲೇಜುಗಳು ಸರದಿಯಂತೆ ಆತಿಥ್ಯ ವಹಿಸಿ, ಸಭಾಂಗಣ ಊಟಗಳನ್ನು ಆತಿಥೇಯ ಕಾಲೇಜೇ ನೋಡಿಕೊಂಡು, ದತ್ತಿಯ ಬಡ್ಡಿಯಲ್ಲಿ ಮೂಲಕ್ಕೆ ಸೇರಿಸಿ ಮಿಕ್ಕುದನ್ನು ಪೂರ್ತಿಯಾಗಿ ವಿದ್ಯಾರ್ಥಿಗಳ ಪ್ರಯಾಣಕ್ಕೂ ಕ್ಷೇತ್ರಕಾರ್ಯಕ್ಕೂ ಮೀಸಲಿಡುವುದಾದರೆ, ಮಧ್ಯಮ ಗಾತ್ರದ ಇಡುಗಂಟೊಂದೇ ಸಾಕಾಗುವುದು. ಅದಕ್ಕೆ ದಾನಿಗಳು ಹೊಸಬರಾಗಬೇಕೆಂದಿಲ್ಲ. ಅದೇ ಹಳೆವಿದ್ಯಾರ್ಥಿಗಳು, ಅದೇ ಹೋಟೆಲು ಉದ್ಯಮಿಗಳು, ಅದೇ ಸಹಕಾರಿ ಸಂಘಗಳು ಸಾಕು. ಅವರ ದಾನಪತ್ರದಲ್ಲಿ ಕಟ್ಟಡವೆಂದಿರುವಲ್ಲಿ ವಿದ್ಯಾರ್ಥಿಯ ಪ್ರಯಾಣವೆಚ್ಚವೆಂದು ಬರೆಯಿಸಿಕೊಳ್ಳುವ ಮಾತನ್ನು ತಮ್ಮ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಈ ಸಂಚಿಕೆಯ ಮೂಲಕ ಈ ಸೀಮೆಯ ಸಂಘಗಳ ಪದಾಧಿಕಾರಿಗಳನ್ನು ವಿನಂತಿಸುವೆನು.